ಗ್ರಹಣದ ಮೇಲಿನ ಅಪವಾದ

ಗದ್ವಾಲ ಸೀಮೆಯ ಮಲ್ದಕಲ್ ಕಡೆ ಸೀಳುತುಟಿಯ ಕೂಸು ಹುಟ್ಟಿದರೆ ತೆಲುಗಿನವರು ‘ಗ್ರಹಣಂ ಮೊರ್ರಿ’ ಎನ್ನುತ್ತಾರೆ. ಕನ್ನಡದ ಮನೆಗಳಲ್ಲೂ ಮಾತು ಗ್ರಹಣಕ್ಕೇ ಬಂದು ನಿಲ್ಲುತ್ತದೆ. ಬಸುರಿ ಅಂಗಳಕ್ಕೆ ಬಂದಳಂತೆ, ಈಳಿಗೆಯಲ್ಲಿ ಕಾಯಿಪಲ್ಲೆ ಹೆಚ್ಚಿದಳಂತೆ. ಸುತ್ತಿ ಬಳಸಿ ತಪ್ಪೆಲ್ಲ ಬಾಣಂತಿಯದು.

ಸ್ವಲ್ಪ ಲೆಕ್ಕ ಹಾಕೋಣ. ಭ್ರೂಣದ ಮುಖದ ಎರಡೂ ಬದಿಯಿಂದ ಬೆಳೆದುಬರುವ ಭಾಗಗಳು ಮೂಗಿನ ಕೆಳಗೆ ಕೂಡಿಕೊಂಡು ಮೇಲ್ದುಟಿಯಾಗುವುದು ಗರ್ಭದ 4ರಿಂದ 7ನೇ ವಾರದೊಳಗೆ. ಅಂಗುಳ ಕೂಡಿ ಮುಗಿಯುವುದು ಅದಾದ ಮೇಲೆ. ಎಷ್ಟೋ ಹೆಂಗಸರಿಗೆ ಬಸಿರು ಖಾತ್ರಿಯಾಗುವ ಹೊತ್ತಿಗೆ ತುಟಿಯ ಕೆಲಸ ಮುಗಿಯುತ್ತ ಬಂದಿರುತ್ತದೆ. ಏಳನೇ ತಿಂಗಳ ಗ್ರಹಣ ಅದನ್ನು ಸೀಳುವುದಾದರೂ ಹೇಗೆ?

ಈ ಕೂಡುವಿಕೆಯನ್ನು ನಡೆಸುವ ಜೀನುಗಳು ಹಲವು. ಐಆರ್‌ಎಫ್6 ಅವುಗಳಲ್ಲೊಂದು. ಅದು ಸಿಕ್ಕ ಬಗೆ ಸೊಗಸಾಗಿದೆ. ಸೀಳುತುಟಿ ತರಬಲ್ಲ ವ್ಯಾನ್ ಡರ್ ವೂಡ್ ಸಿಂಡ್ರೋಮ್ ಎಂಬ ತೊಂದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಮಾತ್ರ ಇತ್ತು. ಇಬ್ಬರ ಜೀನುಗಳನ್ನು ತಾಳೆ ನೋಡಿದಾಗ ವ್ಯತ್ಯಾಸ ಕಂಡದ್ದು ಐಆರ್‌ಎಫ್6ರಲ್ಲಿ. 2002ರಲ್ಲಿ ವಿಷಯ ಪ್ರಕಟವಾಯಿತು. ಈ ದೋಷ ತಂದೆಯಲ್ಲಿರಲಿ ತಾಯಿಯಲ್ಲಿರಲಿ, ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ಆದರೆ ಎಲ್ಲರಲ್ಲೂ ಒಂದೇ ರೂಪದಲ್ಲಿ ತೋರುವುದಿಲ್ಲ. ಮಗುವಿನ ತುಟಿ ಮೂಗಿನವರೆಗೆ ಸೀಳಿರಬಹುದು. ಅದೇ ದೋಷ ಹೊತ್ತ ಅಪ್ಪನಿಗೆ ಕೆಳತುಟಿಯ ಮೇಲೆ ಎರಡು ಸಣ್ಣ ಕುಳಿ, ಅಷ್ಟೇ. ಮೀಸೆ ತಿರುವುತ್ತಾ ಸೊಸೆಯನ್ನು ದೂರುವ ಮಾವನ ತುಟಿಯಲ್ಲೂ ಇದ್ದೀತು!

ಹೀಗೆ ಒಂದೇ ಜೀನಿನ ಮೇಲೆ ಬೆರಳಿಡಬಹುದಾದ ಪ್ರಕರಣಗಳು ಕಡಿಮೆ. ಹೆಚ್ಚಿನವುಗಳಲ್ಲಿ ಹತ್ತಾರು ಜೀನುಗಳ ಚಿಕ್ಕಪುಟ್ಟ ಪ್ರಭಾವಕ್ಕೆ ಬಸಿರಿನ ಕಾಲದ ಧೂಮಪಾನ, ಮೂರ್ಛೆರೋಗದ ಕೆಲವು ಔಷಧಿಗಳಂಥವು ಸೇರಿಕೊಂಡಿರುತ್ತವೆ. ಹಾಗೆಂದು ಮೂರ್ಛೆಯ ಗುಳಿಗೆಯನ್ನು ತಾವೇ ನಿಲ್ಲಿಸಬಾರದು. ಮಗು ಬೇಕೆನ್ನುವ ಮೊದಲೇ ವೈದ್ಯರನ್ನು ಕೇಳಬೇಕು. ತಂದೆತಾಯಿಗಳಿಗೆ ಸೀಳಿಲ್ಲದೆ, ಬೇರೆ ಸಿಂಡ್ರೋಮ್ ಇಲ್ಲದೆ ಒಂದು ಮಗುವಿಗೆ ಸೀಳುತುಟಿ ಬಂದಿದ್ದರೆ, ಮುಂದಿನದಕ್ಕೆ ಬರುವ ಸಂಭವ ನೂರಕ್ಕೆ 3ರಿಂದ 5.

ಇನ್ನು ಆರೈಕೆಯ ಮಾತು. ಅಂಗುಳ ಸೀಳಿದ ಕೂಸಿಗೆ ಮೊಲೆ ಚೀಪಲಾಗದು. ತಲೆ ಎತ್ತಿ ಹಿಡಿದು, ಹಿಂಡಿದ ತಾಯಿಹಾಲನ್ನು ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸಿ, ನಡುನಡುವೆ ತೇಗಿಸಬೇಕು. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ. ಆಮೇಲೂ ಮಾತು ಮೂಗಿನಲ್ಲಿ ಬಂದರೆ ವಾಕ್ ಚಿಕಿತ್ಸೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಸೀಳುತುಟಿ ಸೇರಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಆಸ್ಪತ್ರೆಗೆ ಹೋಗುವಾಗ ಅಪ್ಪನೂ ಜೊತೆಗಿರಲಿ. ವೈದ್ಯರು ಅವನ ಕೆಳತುಟಿಯನ್ನೂ ನೋಡಬೇಕಾಗುತ್ತದೆ.