ನೆರಳಿಗೆ ಕೀಲಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ದಿನವಿಡೀ ಅಂಕಿಗಳ ನಡುವೆ ಬಾಳುವ ಬ್ಯಾಂಕಿನ ಗುಮಾಸ್ತರು ನಾವು. ಉದ್ಯಾನದ ಮಾತನ್ನೂ ಲೆಕ್ಕದಿಂದಲೇ ಆರಂಭಿಸಿದರೆ ತಾವು ಮನ್ನಿಸಬೇಕು.

ನಗರದಲ್ಲಿ ತಲೆಗೆ 10ರಿಂದ 12 ಚದರ ಮೀಟರು ಬಯಲು ಇರಬೇಕೆಂದು ಕೇಂದ್ರ ಸರಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಹೇಳುತ್ತದೆ. ಈ ಮುಂಬಯಿಯಲ್ಲಿ, 2034ರವರೆಗಿನ ಅಭಿವೃದ್ಧಿ ಯೋಜನೆಯ ಸಿದ್ಧತೆಯ ಕಾಲಕ್ಕೆ ಕಂಡುಬಂದದ್ದು ಸುಮಾರು ಒಂದೂಕಾಲು ಮಾತ್ರ. ಒಬ್ಬರು ಕಾಲು ಚಾಚಿ ಮಲಗುವ ಚಾಪೆಗಿಂತಲೂ ಚಿಕ್ಕದು! ಅದೂ ಸರಾಸರಿ. ಒಬ್ಬನ ಖಾತೆಯಲ್ಲಿ ಸಾವಿರ ರೂಪಾಯಿ, ಇನ್ನೊಬ್ಬನದರಲ್ಲಿ ಸೊನ್ನೆ. ಸರಾಸರಿ ತಲಾ ಐದುನೂರು. ಅದನ್ನು ನಂಬಿ ಎರಡನೆಯವನು ಚೆಕ್ಕು ಬರೆದರೆ ಗತಿಯೇನು? ಓವಲ್ ಮೈದಾನದ ಹುಲ್ಲು ಗೋವಂಡಿಯ ಕೂಸಿನ ಪಾಲಿಗೆ ಇಂಥ ಐದುನೂರೇ ಅಲ್ಲವೆ?

ನೆಲದ ಕೊರತೆಯೊಂದೇ ಆಗಿದ್ದರೆ ಪಾಲಿಕೆಯನ್ನು ದೂರಿ ಸುಮ್ಮನಿರಬಹುದಾಗಿತ್ತು. ಆದರೆ ಇರುವ ನೆಲಕ್ಕೂ ಬಾಗಿಲುಂಟು, ಬಾಗಿಲಿಗೆ ಬೀಗವುಂಟು. ನಮ್ಮ ಓಣಿಯ ಕೊನೆಗೊಂದು ಚಿಕ್ಕ ತೋಟವಿದೆ. ಕೂಲಿಯವರು ಅಲ್ಲಿ ಮಲಗುತ್ತಾರೆ, ಮನೆಗೆಲಸದ ಹೆಂಗಸರು ಬುತ್ತಿ ಬಿಚ್ಚುತ್ತಾರೆ, ಆದುದರಿಂದ ಮಧ್ಯಾಹ್ನ ಮುಚ್ಚಬೇಕು ಎಂದು ನೆರೆಹೊರೆಯವರು ಅರ್ಜಿ ತಂದರು. ಓದದೆ ಸಹಿ ಹಾಕುವುದು ಬ್ಯಾಂಕಿನವರ ಅಭ್ಯಾಸವಲ್ಲ. ನಾವು ಓದಿಯೇ ಹಾಕಿದೆವು. ಬೀಗ ಬಿತ್ತು.

ಮರುವರ್ಷ ಧಾರವಾಡದಿಂದ ನಮ್ಮ ತಾಯಿ ಬಂದರು. ಅಂಗಳ ಕಂಡ ಜೀವ. ಇಲ್ಲಿ ಎರಡು ಕೋಣೆಯ ಮನೆ. ಒಂದು ಮಧ್ಯಾಹ್ನ ತೋಟದವರೆಗೆ ನಡೆದುಹೋಗಿ, ಬೀಗ ಕಂಡು, ಹೊರಗೆ ಫುಟ್‌ಪಾತಿನ ಬಿಸಿಲಿನಲ್ಲೇ ಕುಳಿತುಬಿಟ್ಟರಂತೆ. ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದ ಹೆಂಗಸೊಬ್ಬಳು ತನ್ನ ನೀರಿನಲ್ಲಿ ಅರ್ಧ ಕೊಟ್ಟಳಂತೆ. ಸಂಜೆ ತಾಯಿ ಕೇಳಿದರು: “ಗಿಡದ ನೆರಳಿಗೆ ಯಾಕಪ್ಪಾ ಕೀಲಿ ಹಾಕ್ಯಾರ?” ನಾವು ತಲೆ ತಗ್ಗಿಸಿದೆವು. ಆ ಕೀಲಿಯಲ್ಲಿ ನಮ್ಮ ಸಹಿಯೂ ಇತ್ತು.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಈ ನಗರದಲ್ಲಿ ಎಷ್ಟೋ ಮಂದಿ. ಬಿಡುವಿನ ಗಳಿಗೆಯಲ್ಲಿ ಅವರು ಮೈ ಚೆಲ್ಲಿದ ಮರದಡಿಗಳಿಗೆ ಯಾರಾದರೂ ಹೀಗೆಯೇ ಬೀಗ ಜಡಿದಿದ್ದರೆ?

ಹೊಸ ಹಸಿರು ಹುಟ್ಟದೆಂದಲ್ಲ. ಧಾರಾವಿಯ ಮಗ್ಗುಲಲ್ಲಿ ಕಸ ಸುರಿಯುತ್ತಿದ್ದ ಜಾಗವೇ 1994ರಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನವಾಗಿ ತೆರೆಯಿತು. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಸುಮಾರು 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಬಿಟ್ಟುಕೊಡುವ ತೀರ್ಮಾನ 2024ರಲ್ಲಿ ಆಯಿತು. ಆದರೆ ಎಕರೆ ಎಷ್ಟಾದರೇನು, ಬಾಗಿಲು ಯಾರಿಗೆ ತೆರೆಯುತ್ತದೆಂಬುದೇ ಮುಖ್ಯ.

ಆದುದರಿಂದ ನಾವು ಇನ್ನೊಂದು ಅರ್ಜಿ ಬರೆದಿದ್ದೇವೆ. ನಮ್ಮ ಓಣಿಯ ತೋಟ ಮಧ್ಯಾಹ್ನವೂ ತೆರೆದಿರಲಿ, ಶುಲ್ಕ ಬೇಡ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಮುದುಕರಿಗೆ ಒರಗುವ ಬೆಂಚು ಇರಲಿ, ಮಲಗಿದವನನ್ನು ಕಾವಲುಗಾರ ಎಬ್ಬಿಸದಿರಲಿ. ಮರಾಠಿಯಲ್ಲಿ ಬರೆದ ಈ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ನಮ್ಮ ಸಹಿ ಮೊದಲನೆಯದು. ತಾವೂ ಓದಿರಿ, ಓದಿಯೇ ಸಹಿ ಹಾಕಿರಿ.