ಕಾರ್ಟ್ರಿಜ್‌ಗೆ ಶಾಯಿ ತುಂಬುವ ಶ್ರಮ ಸಾರ್ಥಕವೇ?

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶಾಯಿ ಮುಗಿದೊಡನೆ ಪೆನ್ನನ್ನೇ ಎಸೆಯುವ ಪದ್ಧತಿ ಇಲ್ಲಿ ಕುಳಿತಿರುವ ಹಿರಿಯರ ಬಾಲ್ಯದಲ್ಲಿ ಇರಲಿಲ್ಲ. ಶಾಯಿ ಬಾಟಲಿ, ಫಿಲ್ಲರ್, ಬೆರಳಿಗಂಟಿದ ನೀಲಿ ಕಲೆ ಶಾಲೆಯ ದಿನಚರಿಯ ಭಾಗವೇ ಆಗಿದ್ದವು. ಇಂದು ಶಾಲೆಯಲ್ಲಾಗಲಿ ಸಹಕಾರ ಸಂಘದಲ್ಲಾಗಲಿ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಮುಗಿದರೆ ಇಡೀ ಕಾರ್ಟ್ರಿಜ್ ಕಸಕ್ಕೆ ಹೋಗುತ್ತದೆ. ಅದಕ್ಕೆ ಮರಳಿ ಶಾಯಿ ತುಂಬುವುದು ಸಾರ್ಥಕವೇ ಅಥವಾ ವ್ಯರ್ಥ ಶ್ರಮವೇ ಎಂಬುದು ಇಂದಿನ ವಿಚಾರ.

ಮೊದಲು, ಎಸೆಯುತ್ತಿರುವ ವಸ್ತು ಏನೆಂದು ತಿಳಿಯಬೇಕು. 1984ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ‘ಥಿಂಕ್‌ಜೆಟ್’ ಪ್ರಿಂಟರನ್ನು ತಂದಾಗ, ಶಾಯಿ ಚಿಮ್ಮಿಸುವ ಹೆಡ್ಡನ್ನೂ ಕಾರ್ಟ್ರಿಜ್‌ನಲ್ಲೇ ಇರಿಸಿತ್ತು. ಅಗ್ಗದ ಅನೇಕ ಪ್ರಿಂಟರುಗಳ ರಚನೆ ಇಂದಿಗೂ ಹೀಗೆಯೇ ಇದೆ. ಅತಿಸೂಕ್ಷ್ಮ ರಂಧ್ರಗಳ ಬಳಿ ಶಾಯಿ ಕ್ಷಣಮಾತ್ರದಲ್ಲಿ ಕಾದು, ಗುಳ್ಳೆಯೆದ್ದು, ಹನಿಯಾಗಿ ಕಾಗದಕ್ಕೆ ಚಿಮ್ಮುತ್ತದೆ. ಒಳಗಿರುವ ಶಾಯಿ ಕೆಲವೇ ಮಿಲಿಲೀಟರು. ಅದು ಮುಗಿದೊಡನೆ, ಪ್ಲಾಸ್ಟಿಕ್, ಸಿಲಿಕಾನ್ ಮತ್ತು ಲೋಹಗಳಿಂದಾದ, ಇನ್ನೂ ದುಡಿಯಬಲ್ಲ ಯಂತ್ರವೊಂದು ತಿಪ್ಪೆ ಸೇರುತ್ತದೆ. ಕಸದ ವಾಹನ ತಲುಪದ ಒಂಟಿಮನೆಗಳಲ್ಲಿ ಅದು ಬಚ್ಚಲೊಲೆಗೋ ಹಳ್ಳದ ದಂಡೆಗೋ ಹೋಗುತ್ತದೆ.

ಹಾಗಾದರೆ ಮರಳಿ ತುಂಬುವುದೇ ಸರಿಯಲ್ಲವೇ? ಸರಿ, ಆದರೆ ಮೂರು ನಿಯಮಗಳಿಗೆ ಒಳಪಟ್ಟು.

ಮೊದಲನೆಯದು ಸಮಯ. ಕಾದ ಹೆಡ್ಡನ್ನು ತಣಿಸುವುದೂ ಶಾಯಿಯೇ. ಬರಿದಾದ ಮೇಲೂ ಮುದ್ರಿಸುತ್ತ ಹೋದರೆ ಹೆಡ್ ಸುಡುತ್ತದೆ. ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ ತುಂಬಬೇಕು. ತಿಂಗಳುಗಟ್ಟಲೆ ಒಣಗಿದ ಕಾರ್ಟ್ರಿಜ್‌ಗೆ ಸಿರಿಂಜು ಚುಚ್ಚಿ ಫಲವಿಲ್ಲ. ಒಳಗಿನ ಸ್ಪಂಜಿಗೆ ಶಾಯಿಯನ್ನು ನಿಧಾನವಾಗಿ ಉಣಿಸಬೇಕು. ಅವಸರಿಸಿದರೆ ಬಣ್ಣಗಳು ಕಲೆಯುತ್ತವೆ, ಗಾಳಿ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಶಾಯಿಯ ಜಾತಿ. ನೀರಿನಲ್ಲಿ ಕರಗಿದ ಬಣ್ಣದ ಶಾಯಿ ಒಂದು, ಸೂಕ್ಷ್ಮ ಕಣಗಳ ಪಿಗ್ಮೆಂಟ್ ಶಾಯಿ ಇನ್ನೊಂದು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ರಂಧ್ರ ಕಟ್ಟಬಹುದು. ಆಷಾಢದ ಮಳೆಯಲ್ಲಿ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುವವರು ಇದನ್ನು ಮರೆಯಬಾರದು. ಕರಗುವ ಶಾಯಿಯ ಅರ್ಜಿ ನೆನೆದರೆ ಊರಿನ ಬೇಡಿಕೆಯೇ ಅಳಿಸಿಹೋಗುತ್ತದೆ. ಬಹುಕಾಲ ಉಳಿಯಬೇಕಾದ ದಾಖಲೆಗೆ ಲೇಸರ್ ಪ್ರತಿಯೇ ಲೇಸು.

ಮೂರನೆಯದು ಬಳಕೆ. ವಾರಕ್ಕೊಮ್ಮೆಯಾದರೂ ಮುದ್ರಿಸುವವರಿಗೆ ಈ ಶ್ರಮ ಫಲಿಸುತ್ತದೆ. ವಿರಳವಾಗಿ ಮುದ್ರಿಸಿದರೆ ಹೆಡ್ ಒಣಗುತ್ತದೆ. ಶುಚಿಗೊಳಿಸಲು ಯಂತ್ರವೇ ಶಾಯಿಯನ್ನು ವ್ಯಯಿಸುತ್ತದೆ. ಪ್ರಿಂಟರನ್ನು ಅದರ ಸ್ವಂತ ಗುಂಡಿಯಿಂದಲೇ ಆರಿಸಬೇಕು. ಆಗ ಹೆಡ್ ತನ್ನ ಮುಚ್ಚಳದೊಳಗೆ ಸೇರುತ್ತದೆ. ಮುದ್ರಣದ ನಡುವೆ ಕರೆಂಟು ಹೋದರೆ ಅದು ತೆರೆದೇ ಉಳಿದು ಒಣಗುತ್ತದೆ.

ಕಂಪನಿಗಳು ಒಡ್ಡುವ ಅಡ್ಡಿಗಳೂ ಉಂಟು. ಕೆಲವು ಕಾರ್ಟ್ರಿಜ್‌ಗಳ ಚಿಪ್, ಶಾಯಿ ತುಂಬಿದ್ದರೂ ಬರಿದಾಗಿದೆ ಎಂದೇ ತೋರಿಸುತ್ತದೆ. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್, ಲೆಕ್ಸ್‌ಮಾರ್ಕ್ ಕಂಪನಿಯ ಲೇಸರ್ ಕಾರ್ಟ್ರಿಜ್‌ಗಳ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ವಸ್ತುವಿನ ಮೇಲೆ ಮಾರಿದವರ ಪೇಟೆಂಟ್ ಹಕ್ಕು ಉಳಿಯದೆಂದು ತೀರ್ಪಿತ್ತಿತು. ಆದರೆ ತೀರ್ಪು ಚಿಪ್ಪನ್ನು ತೆಗೆಯಲಿಲ್ಲ. ಕೊಳ್ಳುವ ಮುನ್ನವೇ “ಇದನ್ನು ತುಂಬಬಹುದೇ?” ಎಂದು ಅಂಗಡಿಯಲ್ಲಿ ಕೇಳುವುದೇ ಗ್ರಾಹಕರ ಬಲ. 2010ರಲ್ಲಿ ಎಪ್ಸನ್ ಕಂಪನಿ ಇಂಡೋನೇಷ್ಯಾದಲ್ಲಿ ಮೊದಲು ಮಾರಿದ, ಬಾಟಲಿಯಿಂದಲೇ ಶಾಯಿ ಸುರಿಯುವ ಟ್ಯಾಂಕ್ ಪ್ರಿಂಟರು ಈಗ ನಮ್ಮ ದೇಶದ ಪೇಟೆಗಳಲ್ಲೂ ದೊರೆಯುತ್ತದೆ. ಮೊದಲ ಬೆಲೆ ಹೆಚ್ಚಾದರೂ, ನಿತ್ಯ ಮುದ್ರಿಸುವ ಶಾಲೆಗೆ ಅದೇ ಹಿತ.

ಆದ್ದರಿಂದ ತೀರ್ಮಾನ ಇಷ್ಟು: ನಿಯಮಿತವಾಗಿ ಮುದ್ರಿಸುವ ಸಂಘ ಹಳೆಯ ಕಾರ್ಟ್ರಿಜ್‌ಗೆ ಶಾಯಿ ತುಂಬಲಿ, ಒಬ್ಬ ವಿದ್ಯಾರ್ಥಿ ಕಲಿತರೆ ಇಡೀ ಊರಿಗೆ ಸಾಕು. ವರ್ಷಕ್ಕೆ ಹತ್ತಾರು ಪುಟ ಮಾತ್ರ ಬೇಕಾದವರು ಪ್ರಿಂಟರನ್ನೇ ಕೊಳ್ಳದೆ ಪೇಟೆಯ ಅಂಗಡಿಯಲ್ಲಿ ಮುದ್ರಿಸಲಿ. ಹೆಡ್ ಕೆಟ್ಟ ಕಾರ್ಟ್ರಿಜ್ ಒಲೆಗೆ ಬೀಳದಿರಲಿ. 2016ರ ಇ-ತ್ಯಾಜ್ಯ ನಿಯಮಗಳು ಪ್ರಿಂಟರಿನೊಡನೆ ಕಾರ್ಟ್ರಿಜನ್ನೂ ಇ-ತ್ಯಾಜ್ಯವೆಂದೇ ಹೆಸರಿಸಿದ್ದವು. ಶಾಲೆಯಲ್ಲೊಂದು ಪೆಟ್ಟಿಗೆಯಿಟ್ಟು ಕೂಡಿಸಿ, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಲಿ.

ಎಲ್ಲಕ್ಕೂ ಮಿಗಿಲಾದ ಮಾತೊಂದಿದೆ. ಸೂಚನಾ ಫಲಕದ ಮೇಲೆ ಕೈಯಲ್ಲೇ ಬರೆಯಬಹುದಾದ ನೋಟೀಸನ್ನು ಮುದ್ರಿಸದೇ ಇದ್ದರೆ ಶಾಯಿಯೂ ಉಳಿಯುತ್ತದೆ, ಕಾಗದವೂ ಉಳಿಯುತ್ತದೆ.