ಅಕ್ಕ ನಾಗಮ್ಮನ ಊರಿನಲ್ಲಿ ಹುಂಡಾ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಮಹಿಳೆಯರು ಬಾಗೇವಾಡಿಯಲ್ಲಿ ಸೇರಿದ್ದಾಗ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಧರ್ಮ ಸುಧಾರಣೆ ಮತ್ತು ಮಹಿಳೆ’. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವಳಿಗೆ ಇದರ ಮೇಲೆ ಒಂದು ತಾಸು ಮಾತಾಡುವುದು ಕಷ್ಟವೇನಲ್ಲ. ವಚನಗಳನ್ನು ಹೇಳುತ್ತ ಹೋದರೆ ಹೊತ್ತು ಹೋಗುತ್ತದೆ, ನೀವೂ ಚಪ್ಪಾಳೆ ತಟ್ಟುತ್ತೀರಿ. ಆದರೆ ನಾನು ಬೇರೆಯೇ ಪ್ರಶ್ನೆ ಹಿಡಿದು ಬಂದಿದ್ದೇನೆ. ಒಂದು ಧರ್ಮದವರು ತಮ್ಮ ತತ್ವವನ್ನು ತಿದ್ದಿಕೊಂಡರೆ ಹೆಣ್ಣುಮಕ್ಕಳ ಮೇಲಿನ ಹಿಡಿತವನ್ನೂ ಬಿಡುತ್ತಾರೆಯೇ? ನಾನು ಲಿಂಗಾಯತರ ಮನೆಯಲ್ಲಿ ಹುಟ್ಟಿದವಳು. ಆದ್ದರಿಂದ ನಮ್ಮ ಮನೆಯ ಮಾತನ್ನೇ ಆಡುತ್ತೇನೆ, ಪಕ್ಕದ ಮನೆಯ ಅಂಗಳ ಗುಡಿಸಲು ಹೋಗುವುದಿಲ್ಲ.

ನಾವು ಕುಳಿತಿರುವ ಈ ಊರಿನ ಕಥೆ ನಿಮಗೆಲ್ಲ ಗೊತ್ತು. ಹುಡುಗ ಬಸವಣ್ಣನಿಗೆ ಮುಂಜಿ ಮಾಡಲು ಹೊರಟಾಗ, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆ ಎಂದು ಕೇಳಿ ಮನೆ ಬಿಟ್ಟನಂತೆ. ಇದರಲ್ಲಿ ಇತಿಹಾಸ ಎಷ್ಟು, ನಂಬಿಕೆ ಎಷ್ಟು ಎಂಬುದನ್ನು ವಿದ್ವಾಂಸರು ನೋಡಿಕೊಳ್ಳಲಿ. ನನಗೆ ಮುಖ್ಯವಾದದ್ದು, ನಮ್ಮ ಜನ ತಮ್ಮ ಧರ್ಮದ ಮೊದಲ ಪ್ರಶ್ನೆಯನ್ನು ಒಬ್ಬ ಹೆಣ್ಣುಮಗಳ ಪರವಾಗಿ ಕೇಳಿದ್ದು ಎಂದು ನೆನಪಿಟ್ಟುಕೊಂಡಿರುವುದು. ಮುಂದೆ ಕಲ್ಯಾಣದಲ್ಲಿ ಹೆಣ್ಣಿಗೂ ಇಷ್ಟಲಿಂಗ ಬಂತು. ಮುಟ್ಟು ಸೇರಿದಂತೆ ಪಂಚಸೂತಕಗಳನ್ನು ಅಲ್ಲಗಳೆದರು. ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಇಬ್ಬರು ತಂದೆಯರು ಪ್ರಾಣ ಕೊಟ್ಟರು. 12ನೆಯ ಶತಮಾನದಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿಯನ್ನು ಯಾರು ಕೇಳಿಯಾರು?

ಈಗ ನಮ್ಮ ಮದುವೆ ಮಂಟಪಕ್ಕೆ ಬರೋಣ. ನಮ್ಮ ಅಜ್ಜಿಯ ಕಾಲದಲ್ಲಿ ಒಕ್ಕಲುತನದ ಮನೆಗಳಲ್ಲಿ ಗಂಡಿನವರೇ ತೆರ ಕೊಡುತ್ತಿದ್ದರು. ಅದೂ ಒಳ್ಳೆಯದೇನಲ್ಲ, ಅದೂ ಹೆಣ್ಣಿಗೆ ಕಟ್ಟಿದ ಬೆಲೆಯೇ. ಆದರೂ ಗಂಡ ಸತ್ತವಳಿಗೆ ಉಡಿಕೆಯಾಗುವ ದಾರಿ ಇತ್ತು. ಹುಡುಗರಿಗೆ ಪಗಾರದ ನೌಕರಿ ಬಂದ ಮೇಲೆ ತೆರ ಹೋಗಿ ಹುಂಡಾ ಬಂತು. ನಾಲ್ಕಕ್ಷರ ಕಲಿತ ಮನೆಗಳಲ್ಲಿ ಉಡಿಕೆ ಎನ್ನಲೂ ನಾಚಿಕೆಯಾಯಿತು. ಆಲಮಟ್ಟಿಯ ಹಿನ್ನೀರಿಗೆ ಹೊಲ ಹೋದವರ ಪರಿಹಾರದ ಹಣ ಎಷ್ಟೋ ಮನೆಗಳಲ್ಲಿ ನೇರವಾಗಿ ಬೀಗರ ಕೈ ಸೇರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಂದೆಯ ಹೊಲ ಹೋಯಿತು, ಆ ಹೊಲದಲ್ಲಿ ತನಗೂ ಒಂದು ಪಾಲಿತ್ತು ಎಂಬುದು ಮಗಳಿಗೆ ತಿಳಿಯಲೇ ಇಲ್ಲ. ಕರ್ನಾಟಕದಲ್ಲಿ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕಾನೂನು ಜಾರಿಯಾದದ್ದು 1994ರಲ್ಲಿ!

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 1991ರಲ್ಲಿ ನನ್ನ ತಂಗಿಯ ಮದುವೆಯಾಯಿತು. ಹತ್ತು ತೊಲೆ ಬಂಗಾರ, ಒಂದು ಸ್ಕೂಟರ್. ಯಾದಿ ಬರೆದವಳು ನಾನೇ, ಮನೆಯಲ್ಲಿ ನನ್ನ ಅಕ್ಷರ ಚೆಂದ ಅಂತ. ವರದಕ್ಷಿಣೆ ಕೊಡುವುದೂ ಪಡೆಯುವುದೂ ಅಪರಾಧವೆಂದು 1961ರ ಕಾಯಿದೆ ಹೇಳುವುದು ನನಗೆ ಗೊತ್ತಿತ್ತು. ಆ ವಾರ ತರಗತಿಯಲ್ಲಿ ಅಕ್ಕಮಹಾದೇವಿಯನ್ನು ಕಲಿಸುತ್ತಿದ್ದೆ. ಮದುವೆಗೆ ಸ್ವಾಮಿಗಳು ಬಂದು ವಚನ ಹೇಳಿ ಹರಸಿದರು. ಸ್ಕೂಟರ್ ಮಂಟಪದ ಮುಂದೆಯೇ ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

ಇನ್ನೊಂದು ಸಂಗತಿ. ಡಾ. ಎಂ. ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ತಾಲೂಕಿನವರು. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಅವರು ಚೆನ್ನಬಸವಣ್ಣನ ಹುಟ್ಟಿನ ಬಗ್ಗೆ, ನೀಲಾಂಬಿಕೆಯ ದಾಂಪತ್ಯದ ಬಗ್ಗೆ ಕೆಲವು ವಿಚಾರ ಬರೆದರು. ಚೆನ್ನಬಸವಣ್ಣನ ತಾಯಿ ಯಾರು? ಇದೇ ಅಕ್ಕ ನಾಗಮ್ಮ. ದೊಡ್ಡ ಗದ್ದಲವಾಯಿತು. 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅಂದು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಮುಂದೆ ಅವರೇ ಆಡಿದರು. (2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಕೊಲೆಯಾದದ್ದು ಬೇರೆ ವಿಚಾರ, ಅದನ್ನು ಇದರೊಂದಿಗೆ ಬೆರೆಸಬೇಡಿ.) ಅವರು ಬರೆದದ್ದು ಸರಿಯೋ ತಪ್ಪೋ, ವಾದ ಮಾಡಬಹುದಿತ್ತು. ಪ್ರಶ್ನೆ ಕೇಳುವುದರಿಂದಲೇ ಹುಟ್ಟಿದ ಧರ್ಮವಲ್ಲವೇ ನಮ್ಮದು? ಆದರೆ ಹೆಂಗಸಿನ ಹಾಸಿಗೆ, ಬಸುರಿನ ಮಾತು ಬಂದ ಕೂಡಲೇ ತತ್ವ ಹಿಂದೆ ಸರಿಯಿತು, ಮನೆತನದ ಮರ್ಯಾದೆ ಮುಂದೆ ಬಂತು. ಸೊಸೆ ಪೊಲೀಸ್ ಠಾಣೆಗೆ ಹೋದಳೆಂದರೆ ನಮ್ಮ ಓಣಿಯಲ್ಲಿ ಏಳುವುದೂ ಇದೇ ಮಾತು.

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಪಂಥದವರು ಬಹುಪತ್ನಿತ್ವವನ್ನು ಕೈಬಿಟ್ಟೆವೆಂದು 1890ರಲ್ಲಿ ಸಾರಿದರು. ಆಮೇಲೂ ಕೆಲವು ಮುಖಂಡರ ಒಪ್ಪಿಗೆಯಿಂದಲೇ ಗುಟ್ಟಿನ ಮದುವೆಗಳು ನಡೆದವು. ಅದಕ್ಕಾಗಿ 1904ರಲ್ಲಿ ಮತ್ತೊಮ್ಮೆ ಸಾರಬೇಕಾಯಿತು.

ಹಾಗಾದರೆ ತತ್ವ ತಿದ್ದುವುದೇ ವ್ಯರ್ಥವೇ? ಅಲ್ಲ. 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿ ಜಗದ್ಗುರು ಪೀಠವನ್ನೇರಿದ್ದಕ್ಕೆ ಆ ಹಳೆಯ ತತ್ವವೇ ಬಲ. ನಮ್ಮ ಮುದ್ದೇಬಿಹಾಳಕ್ಕೆ ದೂರವೇನಲ್ಲದ ಇಳಕಲ್ಲಿನ ಮಹಾಂತಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಳುಕಡಿ ಬೇಡ, ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಗಂಡ ಕುಡಿತ ಬಿಟ್ಟ ಮನೆಯ ಹೆಂಗಸಿಗೆ ಆ ಜೋಳಿಗೆಯ ಬೆಲೆ ಗೊತ್ತು. ಅವರು ಗದ್ದಿಗೆಯ ಮೇಲೆ ಕುಳಿತು ಬರೀ ಪ್ರವಚನ ಹೇಳಿದ್ದರೆ ಅದು ಆಗುತ್ತಿರಲಿಲ್ಲ. ಹುಂಡಾ ಹಾಕಿರೆಂದು ಜೋಳಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಕೊನೆಗೆ, ನನ್ನನ್ನು ಈ ಪ್ರಶ್ನೆಗೆ ತಂದು ನಿಲ್ಲಿಸಿದ ಹುಡುಗಿಯ ಮಾತು. ಹೆಸರು, ಊರು ಬೇಡ. ನನ್ನ ವಿದ್ಯಾರ್ಥಿನಿ, ಬಿ.ಎ. ಓದಿದವಳು. ಇನ್ನೂ ಎರಡು ಲಕ್ಷ ತಾ ಎಂದು ಗಂಡ ಹೊಡೆಯುತ್ತಿದ್ದ. ಎರಡೂ ಮನೆಯವರು ಮಠದಲ್ಲಿ ಕೂಡಿದರು. ಗುರುತಿನವಳೆಂದು ನನ್ನನ್ನೂ ಕರೆದರು. ಸ್ವಾಮಿಗಳು ಒಳ್ಳೆಯವರು, ಓದಿದವರು, ಸಮಾನತೆಯ ಬಗ್ಗೆ ಚೆನ್ನಾಗಿ ಮಾತಾಡುವವರು. ಹುಡುಗಿ, “ಅಜ್ಜಾರ, ನಾ ಹೋಗಂಗಿಲ್ರೀ” ಎಂದಳು. ಗಂಡನಿಂದ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದರು. “ಹೊಂದಿಕೊಂಡ ಹೋಗಬೇಕವ್ವಾ” ಎಂದರು. ಹನ್ನೊಂದು ಗಂಡಸರು ತಲೆಯಾಡಿಸಿದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಸುಮ್ಮನೆ ಕುಳಿತೆ.

ಮೂರು ತಿಂಗಳಿಗೆ ಕೈ ಮುರಿದುಕೊಂಡು ಬಂದಳು. ಆಗ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಡಿ ಅರ್ಜಿ ಹಾಕಿಸಿದೆವು. ಈಗ ಬಾಡಿಗೆ ಕೋಣೆಯಲ್ಲಿದ್ದು ಬಟ್ಟೆ ಹೊಲಿಯುತ್ತಾಳೆ, ತಾರೀಖಿಗೆ ತಾರೀಖು ಕೋರ್ಟಿಗೆ ಹೋಗುತ್ತಾಳೆ. ಆ ಮಠಕ್ಕೆ ಅವಳು ಹೋಗುವುದಿಲ್ಲ. ನಾನು ಹೋಗುತ್ತೇನೆ.

ಹೋಗಿ ಸ್ವಾಮಿಗಳಿಗೆ ಮೂರು ಮಾತು ಕೇಳಿದೆ. ಇಂಥ ನ್ಯಾಯಕ್ಕೆ ಕುಳಿತಾಗ ಅರ್ಧದಷ್ಟು ಹೆಂಗಸರಿರಬೇಕು. ಮದುವೆಯಲ್ಲಿ ಕೊಟ್ಟದ್ದು ತೆಗೆದುಕೊಂಡದ್ದು ಎಲ್ಲರೆದುರು ಬರೆಸಬೇಕು. ಮತ್ತು, ಹುಡುಗಿ ಹೋಗುವುದಿಲ್ಲ ಎಂದರೆ ಕಳಿಸಬಾರದು. ಮೊದಲನೆಯದಕ್ಕೆ ಕೂಡಲೇ ಹೂಂ ಎಂದರು, ಅದು ಬಸವತತ್ವವೇ ಎಂದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ ಒಪ್ಪಿದರು. ಮೂರನೆಯದಕ್ಕೆ, “ಹಿರಿಯರನ್ನು ಕೇಳಬೇಕಾಗತದ, ಬಾಯಾರ” ಎಂದರು. ಬರುವ ಸೋಮವಾರ ಮತ್ತೆ ಹೋಗುತ್ತೇನೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಬರುವುದಿದ್ದರೆ ಬೆಳಗಿನ ಮೊದಲ ಬಸ್ಸಿಗೆ ಬಸ್‌ಸ್ಟ್ಯಾಂಡಿಗೆ ಬನ್ನಿ.